ನಾಳೆಯಿಂದ ನೇಯದವಳು

"ನಾಳೆಯಿಂದ ನಾನು ನೇಯಲ್ಲ" ಎಂದು ವಾಯೋಲಾ ಹೇಳದ ಹೊರತು ಸಮೋವಾದ ಆ ಹಳ್ಳಿಯ ನೇಯ್ಗೆಮನೆಯಲ್ಲಿ ಬೆಳಗಾಗುವುದಿಲ್ಲ. ಬಿಸಿಲೇರಿ ಕೇದಗೆ ಗರಿಯ ಎಳೆ ಒಣಗಿ ಮುರಿಯುವ ಮುಂಚೆ, ಎಲ್ಲರಿಗಿಂತ ಮೊದಲು ಬಂದು ಚಕ್ಕಂಬಕ್ಕಳ ಹಾಕಿ ಕೂರುವವಳೂ ಅವಳೇ. ಕೂತೊಡನೆ ಮದುವೆಯ ಚಾಪೆಗೆ ಬೈಗುಳದ ಮಂಗಳಾರತಿ: "ಎರಡು ವರ್ಷದಿಂದ ನನ್ನ ಸೊಂಟ ತಿಂತಿದ್ದೀಯ. ನಿನ್ನನ್ನ ಹಂದಿಗೂಡಿಗೆ ಹಾಸ್ತೀನಿ ನೋಡು." ಕಣ್ಣು ಮಂಜು, ಬೆರಳು ಮರಗಟ್ಟಿದೆ, ಮಂಡಿಯಂತೂ ತನ್ನದೇ ಅಲ್ಲ ಎಂದು ದೂರು ಮುಗಿಯುವಷ್ಟರಲ್ಲಿ ಬೆರಳಗಲ ನೇಯ್ದಿರುತ್ತಾಳೆ. ಉಳಿದವರು ಊಟಕ್ಕೆ ಎದ್ದರೆ "ಇದೊಂದು ಸಾಲು" ಎನ್ನುತ್ತಾಳೆ. ಆ ಸಾಲು ಹನುಮಂತನ ಬಾಲ. ಸಿಟ್ಟೆಲ್ಲ ಚಾಪೆಯ ಮೊದಲ ಗೇಣಿನ ಮೇಲೆ. ಅದನ್ನು ನೇಯ್ದವಳು ಪೆನಿನಾ. ಮೂವತ್ತು ವರ್ಷ ಎದುರು ಕೂತು ಇವಳೊಂದಿಗೆ ಜಗಳವಾಡಿದವಳು, ಮೊಮ್ಮಗಳ ಮದುವೆಗೆಂದು ಚಾಪೆ ಶುರುಮಾಡಿ ಅಷ್ಟರಲ್ಲೇ ತೀರಿಕೊಂಡವಳು. "ಕುಡುಕ ನಡೆದ ಹಾಗೆ ಸೊಟ್ಟ. ಇದಕ್ಕೆ ಅವಳು ನೇಯ್ಗೆ ಅಂತಿದ್ಲು" ಎಂದು ವಾಯೋಲಾ ದಿನಾ ಅಂಚು ತೋರಿಸಿ ಆಡಿಕೊಳ್ಳುತ್ತಾಳೆ. ತನ್ನ ಸಾಲು ಎಷ್ಟು ನೇರ ಎಂದು ಬೇಕಾದರೆ ದಾರ ಹಿಡಿದು ನೋಡಿ ಎಂಬುದು ಅವಳ ಹೆಮ್ಮೆ. ಮೊನ್ನೆ, ಮದುವೆಗೆ ಒಂಬತ್ತು ದಿನ ಉಳಿದಿರುವಾಗ, ಪಕ್ಕದಲ್ಲಿ ಕೂತು ನೇಯುವ ಸೀಯಾ ಸುತ್ತಿಟ್ಟ ಭಾಗವನ್ನು ಬಿಡಿಸಿ ಉದ್ದಕ್ಕೂ ಬೆರಳಾಡಿಸಿದಳು. "ಪೆನಿನಾ ನೇಯ್ದದ್ದು ಎಲ್ಲಿ ಮುಗೀತು ಅಕ್ಕಾ? ನಂಗೆ ಗೊತ್ತೇ ಆಗ್ತಿಲ್ಲ." ಗೊತ್ತಾಗುವಂತೆಯೂ ಇರಲಿಲ್ಲ. ಊರಿಗೇ ನೇರ ಕೈಯವಳು ಎರಡು ವರ್ಷ ಕಷ್ಟಪಟ್ಟು ಇಡೀ ಚಾಪೆಯನ್ನು ಸೊಟ್ಟವಾಗಿಯೇ ನೇಯ್ದಿದ್ದಳು. ವಾಯೋಲಾ ಸೀಯಾಳ ಕೈ ತಳ್ಳಿ ಮುಂದಿನ ಎಳೆ ಎತ್ತಿಕೊಂಡಳು. "ಮುಟ್ಬೇಡ, ಸುಮ್ನಿರು. ನಾಳೆಯಿಂದ ನಾನು ನೇಯಲ್ಲ."