ದೇವಿದಾಸಣ್ಣನ ಟಾಲ್ವಿನ್

ಹಾಡು ಶುರುವಾಗುವ ಮುಂಚೆ ಬೇರೆ ಬ್ಯಾಂಡಿನವರು ಒನ್, ಟೂ, ತ್ರೀ ಎಂದು ಎಣಿಸುತ್ತಾರೆ. ನಮ್ಮ ದೇವಿದಾಸಣ್ಣ ‘ರೈಟ್’ ಎನ್ನುತ್ತಿದ್ದ. ನಡುವೆ ಹಾಡು ಹದಗೆಟ್ಟರೆ ‘ಹೋಲ್ಡಾನ್’ ಎನ್ನುತ್ತಿದ್ದ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನ ಬಾಯಲ್ಲಿ ಇವೆರಡು ಮಾತು ಎಷ್ಟು ಗಟ್ಟಿಯಾಗಿ ಕೂತಿದ್ದವೆಂದರೆ, ಡ್ರಮ್ಸ್ ಬಾರಿಸುವ ಖಾಜಾ ಎಂಥ ರಭಸದಲ್ಲಿದ್ದರೂ ಆ ‘ಹೋಲ್ಡಾನ್’ ಕಿವಿಗೆ ಬಿದ್ದ ಕೂಡಲೇ ಬ್ರೇಕ್ ಹಾಕಿದಂತೆ ನಿಂತುಬಿಡುತ್ತಿದ್ದ.

ಹೀಗೆಂದು ನನ್ನ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದಕ್ಕೆಂದೇ ಡೈರಿ ಬರೆಯುವ ಚಟ ಹಚ್ಚಿಕೊಂಡಿದ್ದೇನೆ. ಆದರೆ ಹತ್ತು ವರ್ಷ ಬಿಟ್ಟು ತೆರೆದು ನೋಡಿದರೆ, ಅಲ್ಲಿಯೂ ಅಂದಂದಿಗೆ ನನಗೆ ಅನುಕೂಲವಾದದ್ದನ್ನೇ ಬರೆದುಕೊಂಡಿರುವುದು ಕಾಣುತ್ತದೆ. ದೇವಿದಾಸಣ್ಣನ ವಿಷಯದಲ್ಲಿ ಹಾಗೆ ಮಾಡಬಾರದೆಂದು ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ.

ಆಳು ತೆಳ್ಳಗೆ, ಕಪ್ಪಗೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬೈತಲೆ ತೆಗೆದು ಬಾಚಿದ ಕೂದಲು. ರಜೆಯ ದಿನವೂ ಖಾಕಿ ಪ್ಯಾಂಟನ್ನೇ ತೊಡುತ್ತಿದ್ದ. ಕಲಬುರಗಿಯ ಗಾಜಿಪುರದ ಹಿಂದಿನ ಓಣಿಯಲ್ಲಿ ಮನೆ. ಅವನ ದನಿ ಮಾತ್ರ ಆ ಮೈಯೊಳಗಿನದಲ್ಲ ಎನ್ನುವಂತಿತ್ತು. ತುಂಬಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿದರೆ ಮುಂದಿನ ಸೀಟಿನಲ್ಲಿ ಮಲಗಿದವರು ಎದ್ದು ಕೂಡುತ್ತಿದ್ದರು. ಟಿಕೆಟ್ ತೂತು ಮಾಡುವ ಪಂಚನ್ನು ಕಂಬಿಗೆ ಕಟ್ ಕಟ್ ಎಂದು ಬಡಿಯುತ್ತಾ ನಡೆಯುವಾಗ ಅದರಲ್ಲೊಂದು ತಾಳವಿರುತ್ತಿತ್ತು. ನಮ್ಮ ಬ್ಯಾಂಡಿಗೆ ಅವನನ್ನು ಕರೆತಂದದ್ದೇ ಆ ತಾಳ. ಖಾಜಾ ಒಮ್ಮೆ ಅವನ ಬಸ್ಸಿನಲ್ಲಿ ಸೇಡಂಗೆ ಹೋಗಿ, ಇಳಿಯುವುದನ್ನು ಮರೆತು, ಅದೇ ಬಸ್ಸಿನಲ್ಲಿ ಮರಳಿ ಬಂದವನು, ಹಾಡುಗಾರ ಸಿಕ್ಕ ಎಂದು ಹೇಳಿದ.

ಬ್ಯಾಂಡಿನ ಹೆಸರು ಸನ್‌ಸ್ಟ್ರೋಕ್. ಕಲಬುರಗಿಯ ಬಿಸಿಲಿಗೆ ಅದಕ್ಕಿಂತ ಒಪ್ಪುವ ಹೆಸರು ನಮಗೆ ಹೊಳೆಯಲಿಲ್ಲ. ಖಾಜಾನ ಡ್ರಮ್ಸ್, ಸುಹಾಸನ ಬೇಸ್ ಗಿಟಾರು, ನನ್ನದೊಂದು ಸಾಧಾರಣ ಗಿಟಾರು. ಹಾಡುವವನು ದೇವಿದಾಸಣ್ಣ. ಕಾಲೇಜಿನ ಗ್ಯಾದರಿಂಗುಗಳಲ್ಲಿ ರಾಕ್ ಹಾಡು ಬಾರಿಸುತ್ತಿದ್ದೆವು. ಆಗ ನಾನು ಹೈದರಾಬಾದಿನ ಅಬಿಡ್ಸ್‌ನ ಫುಟ್‌ಪಾತಿನಿಂದ ಒಂದು ಹಳೆಯ ಕ್ಯಾಸೆಟ್ ತಂದೆ. ಎಷ್ಟನೆಯ ನಕಲೋ, ಹಾಡಿಗಿಂತ ಗರಗರ ಶಬ್ದವೇ ಹೆಚ್ಚು. ಅಮೆರಿಕದ ಕಪ್ಪು ಜನರ ನೋವಿನ ಹಾಡುಗಳು; ಮೇಲೆ ಯಾರೋ ಶಾಯಿಯಲ್ಲಿ ‘ಬ್ಲೂಸ್’ ಎಂದು ಬರೆದಿದ್ದರು. ಹಾಗೆಂದರೇನು ಎಂದು ದೇವಿದಾಸಣ್ಣ ಕೇಳಿದ. ನೀಲಿ ಎಂದೆ. ಅವನ ಮೊದಲ ವೇದಿಕೆಯೇ ಏಪ್ರಿಲ್ ತಿಂಗಳ ಜಯಂತಿಯ ಮೆರವಣಿಗೆ, ನೀಲಿ ಧ್ವಜ ಕಟ್ಟಿದ ಟ್ರ್ಯಾಕ್ಟರಿನ ಮೇಲೆ. ‘ನೀಲಿ ಅಂದ್ರ ನಮ್ಮದೇ ಅಲ್ಲೇನು’ ಎಂದು ಹತ್ತಿರ ಸರಿದು ಕೂತ. ಮೊದಲ ಹಾಡು ಮುಗಿಯುವ ತನಕ ಅಲುಗಲಿಲ್ಲ. ಆಮೇಲೆ, ‘ಈ ಮುದುಕ ನಮ್ಮ ಓಣ್ಯಾಗಿನವ್ರಂಗೇ ಅಳ್ಲಕತ್ತಾನ, ಮತ್ತ ಹಾಕು’ ಎಂದ.

ಒಂದು ಗ್ಯಾದರಿಂಗಿನಲ್ಲಿ ನಮ್ಮ ಹಾಡು ಮುಗಿದ ಮೇಲೆ ಮುಖ್ಯ ಅತಿಥಿಯಾಗಿದ್ದ ಇಂಗ್ಲಿಷ್ ಪ್ರೊಫೆಸರರೊಬ್ಬರು ಮೈಕಿನಲ್ಲಿ, ಹಾಡು ಚೆನ್ನಾಗಿತ್ತು, ಯಾವ ಭಾಷೆ ಎಂಬುದಷ್ಟೇ ತಿಳಿಯಲಿಲ್ಲ ಎಂದರು. ಸಭೆ ನಕ್ಕಿತು. ದೇವಿದಾಸಣ್ಣ ಮೈಕು ತೆಗೆದುಕೊಂಡು ಬಹಳ ಮರ್ಯಾದೆಯಿಂದ ಹೇಳಿದ: ‘ಸರ, ಬಸ್ಸಿನ್ಯಾಗ ಕುಂತವ್ರಿಗೆಲ್ಲ ಡ್ರೈವರನ ಭಾಷಾ ತಿಳೀಬೇಕಂತೇನಿಲ್ರಿ. ಊರು ಮುಟ್ಟಿದ್ರ ಸಾಕು.’ ಸಭೆ ಮತ್ತೂ ಜೋರಾಗಿ ನಕ್ಕಿತು, ಈ ಸಲ ಅವನ ಪರವಾಗಿ.

ಎಲ್ಲರಿಗೂ ಈ ಕತೆ ಇಲ್ಲಿಯವರೆಗೆ ಗೊತ್ತು. ಮರುದಿನ ಅವನು ಇನ್ನೂರು ಪುಟದ ಹೊಸ ನೋಟ್‌ಬುಕ್ ಹಿಡಿದು ಬ್ರಹ್ಮಪುರದ ನಮ್ಮ ಮನೆಗೆ ಬಂದದ್ದು ನನಗೊಬ್ಬನಿಗೇ ಗೊತ್ತು. ಇಂಗ್ಲಿಷ್ ಅಕ್ಷರ ಓದಲು ಅವನಿಗೆ ಬರುತ್ತಿತ್ತು; ಆದರೆ ಅವನ್ನು ನೋಡಿದರೆ ದನಿ ಹೆದರುತ್ತದೆ ಎನ್ನುತ್ತಿದ್ದ. ನಾನು ಎಂ.ಎ. ಇಂಗ್ಲಿಷ್ ಓದುತ್ತಿದ್ದೆ. ಅವನಿಗೆ ಆಗಲೇ ನಾನು ಮಾಸ್ತರ. ‘ಮಾಸ್ತರ, ಎಲ್ಲಾ ಹಾಡೂ ಕನ್ನಡ ಅಕ್ಷರದಾಗ ಬರದು ಕೊಡು. ನೀ ಬರದದ್ದು ಅಂದ್ರ ನಾ ಕಣ್ಣು ಮುಚ್ಚಿ ಹಾಡ್ತೀನಿ’ ಎಂದ.

ಬರೆದುಕೊಟ್ಟೆ. ರೈಲಿನ ಹಾಡೊಂದಿತ್ತು. ಹೆಂಡತಿ ಬಿಟ್ಟುಹೋದವನು ರೈಲು ಹತ್ತಿ ಅವಳಿರುವ ಊರಿಗೆ ಹೊರಟಿದ್ದಾನೆ. ಆ ಊರಿನ ಹೆಸರು ಬರುವಲ್ಲಿ ಕ್ಯಾಸೆಟ್ ಪ್ರತಿಸಲವೂ ಗರಗರ ಎಂದು ನುಂಗುತ್ತಿತ್ತು. ಇಡೀ ಮಧ್ಯಾಹ್ನ ಹಿಂದೆ ಮುಂದೆ ತಿರುಗಿಸಿ ಸಾಕಾಗಿ, ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳಲು ನನ್ನ ಇಂಗ್ಲಿಷ್ ಬಿಡದೆ, ‘ಟಾಲ್ವಿನ್’ ಎಂದು ಬರೆದೆ. ಅಂಥ ಊರು ನಾನು ಕೇಳಿದ್ದಿಲ್ಲ. ನಾನೇ ಕಟ್ಟಿದ ಹೆಸರು.

ಕಂಡಕ್ಟರನಿಗೆ ಊರಿನ ಹೆಸರು ಕೊಟ್ಟರೆ ಸುಮ್ಮನಿರುತ್ತಾನೆಯೇ? ಎಲ್ಲಿ ಬರುತ್ತದೆ, ಎಷ್ಟು ದೂರ, ಸ್ಟೇಷನ್ನು ದೊಡ್ಡದೋ ಸಣ್ಣದೋ ಎಂದು ಕೇಳಿದ. ಅಮೆರಿಕದ ದಕ್ಷಿಣಕ್ಕೆ, ನಮ್ಮಂಥದೇ ಎರೆ ನೆಲ, ಸುತ್ತ ಹತ್ತಿ ಹೊಲ, ನಡುವೆ ಹೊಳೆ ಎಂದು ಹೇಳಿದೆ. ಮುಂದೆ ಆ ಊರು ಅವನದೇ ಆಗಿಬಿಟ್ಟಿತು. ಹಾಡಿನಲ್ಲಿ ಆ ಜಾಗ ಬಂದಾಗ ಕಣ್ಣು ಮುಚ್ಚಿ, ‘ಟಾಲವೀನ’ ಎಂದು ಎಳೆದು ಕೂಗಿದರೆ, ರೈಲು ತಪ್ಪಿಸಿಕೊಂಡವರೆಲ್ಲ ಅಲ್ಲಿ ನಿಂತಿದ್ದಾರೆ ಎನ್ನಿಸುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ತಕರಾರು ತೆಗೆದರೆ, ‘ನಿಮಗ ಟಾಲವೀನದಾಗ ಇಳಸ್ತೀನಿ, ಸುಮ್ಮ ಕೂಡ್ರಿ’ ಎನ್ನುತ್ತಿದ್ದನಂತೆ. ಪ್ರತಿ ವರ್ಷ ನಿಜ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಬರಬರುತ್ತ ಅಂದುಕೊಳ್ಳುವುದೂ ನಿಂತಿತು.

ನಾವೆಲ್ಲ ನಿವೃತ್ತರಾದ ಮೇಲೆ ಸುಹಾಸನ ಮಗಳು ಮೇಘಾ, ಧ್ವನಿಮುದ್ರಣವನ್ನೇ ಕಸುಬು ಮಾಡಿಕೊಂಡವಳು, ನಮ್ಮ ಬ್ಲೂಸ್ ಹಾಡುಗಳ ಆಲ್ಬಮ್ ಮಾಡುತ್ತೇನೆ ಎಂದು ಹಟ ಹಿಡಿದಳು. ಒಬ್ಬೊಬ್ಬರದನ್ನು ಬೇರೆಬೇರೆ ಹಿಡಿದು ಆಮೇಲೆ ಜೋಡಿಸುವುದಿಲ್ಲ. ನಾಲ್ವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸಬೇಕು, ಹಾಡು ಹೇಗೆ ಬಂತೋ ಹಾಗೆ. ಡ್ರಮ್ಸಿನ ಮೈಕಿನಲ್ಲಿ ಹಾಡೂ ಇರುತ್ತದೆ, ಹಾಡಿನ ಮೈಕಿನಲ್ಲಿ ಡ್ರಮ್ಸೂ ಇರುತ್ತದೆ. ಒಂದು ಮಾತನ್ನು ಕಿತ್ತು ಇನ್ನೊಂದನ್ನು ಇಡಲು ಬರುವುದಿಲ್ಲ. ಕಮಲಾಪುರದಲ್ಲಿ ಅವಳ ಸೋದರಮಾವನ ಬಾಳೆಹಣ್ಣಿನ ಗೋದಾಮು ಇದೆ. ಅಲ್ಲಿ ಕೆಂಪು ಬಾಳೆ ಹಣ್ಣು ಮಾಡುವ ಕೋಣೆ ಖಾಲಿಯಿತ್ತು. ಗೇಣುದಪ್ಪ ಥರ್ಮಾಕೋಲಿನ ಗೋಡೆ. ಬಾಗಿಲು ಹಾಕಿದರೆ ಹುಮನಾಬಾದ್ ರಸ್ತೆಯ ಲಾರಿಗಳ ಸದ್ದೂ ಒಳಗೆ ಬರುವುದಿಲ್ಲ. ಮೇಘಾ ಒಳಗೆಲ್ಲ ಕೌದಿ ತೂಗುಹಾಕಿ ಸ್ಟುಡಿಯೋ ಮಾಡಿದಳು. ಮೂಗಿಗೆ ಮಾತ್ರ ಹಣ್ಣಿನದೇ ವಾಸನೆ.

ಹಾಡುಗಳ ಸಾಹಿತ್ಯ ಬರೆದು ಕಳಿಸಿ ಎಂದು ಅವಳು ನನಗೆ ಹೇಳಿದ್ದಳು. ಕಳಿಸಿದೆ. ಧ್ವನಿಮುದ್ರಣಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಫೋನ್ ಮಾಡಿ, ‘ಕಾಕಾ, ಟಾಲ್ವಿನ್ ಅಂತ ಮೂಲದಾಗ ಇಲ್ರಿ. ಊರೇ ಬ್ಯಾರೆ ಅದ. ದೇವಿದಾಸ ಕಾಕಾಗ ನೀವೇ ಹೇಳ್ರಿ, ನಾ ಹೇಳಿದ್ರ ಬ್ಯಾಸರ ಆಗ್ತಾರ’ ಎಂದಳು. ಈಗ ಅಂತರ್ಜಾಲದಲ್ಲಿ ಹಾಡು ಶುದ್ಧವಾಗಿ ಸಿಗುತ್ತದೆ, ನಾನೂ ಕೇಳಿದೆ. ಆ ಜಾಗದಲ್ಲಿ ಬೇರೆ ಊರು ನೀರಿನಷ್ಟು ತಿಳಿಯಾಗಿತ್ತು. ಅಂದಿನಿಂದ ನನಗೆ ಊಟ ಸೇರಲಿಲ್ಲ. ಹಾಡು ತಪ್ಪಾಗಿದ್ದಕ್ಕಲ್ಲ. ನಗೆಗೀಡಾದ ಮರುದಿನ ನನ್ನನ್ನು ನಂಬಿ ಬಂದವನ ಕೈಗೆ ನಾನು ಸುಳ್ಳು ಊರು ಕೊಟ್ಟಿದ್ದೆ. ಅದನ್ನು ಅವನು ತನ್ನ ಅರವತ್ತೈದನೆಯ ವಯಸ್ಸಿನಲ್ಲಿ, ಎಂದೂ ಅಳಿಸಲಾಗದ ಹಾಗೆ ಹಾಡಲು ಬರುತ್ತಿದ್ದ.

ಮೊದಲ ದಿನ ಐದು ಹಾಡು ಸರಾಗವಾಗಿ ಮುಗಿದವು. ನಾನು ಇನ್ನೂ ಹೇಳಲಿಲ್ಲ. ಎರಡನೆಯ ದಿನ ಬೆಳಗ್ಗೆ ರೈಲಿನ ಹಾಡು. ದೇವಿದಾಸಣ್ಣ ರೈಟ್ ಎಂದ, ಹೊರಟೆವು. ಊರಿನ ಹೆಸರು ಬರುವಲ್ಲಿ ಅವನ ದನಿ ಇಳಿದುಹೋಯಿತು. ಮುಖ ಮೈಕಿನಿಂದ ಅತ್ತ ತಿರುಗಿಸಿ ಏನೋ ಗೊಣಗಿದಂತಾಯಿತು. ಮೇಘಾ ನಿಲ್ಲಿಸಿ, ಆ ಮಾತು ಕೇಳಿಸಲಿಲ್ಲ ಎಂದಳು. ಎರಡನೆಯ ಸಲವೂ ಹಾಗೇ. ಮೂರನೆಯ ಸಲವೂ. ‘ದೇವಿದಾಸ್ ಭಾಯ್, ಗಲೆ ಮೇ ಬಾಳೆಹಣ್ಣು ಸಿಕ್ಕದೇನು’ ಎಂದು ಖಾಜಾ ತಮಾಷೆ ಮಾಡಿದ. ಮೇಘಾ ನನ್ನ ಮುಖ ನೋಡಿ, ಊಟಕ್ಕೆ ಬಿಡೋಣ ಎಂದಳು.

ಹೊರಗೆ ಬೇವಿನ ಮರದ ಕೆಳಗೆ ಅವನು ಡಬ್ಬಿ ತೆರೆಯದೆ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

‘ಅಣ್ಣಾ, ಒಂದು ಮಾತು ಹೇಳೋದದ.’

‘ನಂದೂ ಒಂದದ. ನೀ ಮೊದಲ ಹೇಳು.’

‘ಟಾಲ್ವಿನ್ ಅನ್ನೋ ಊರೇ ಇಲ್ಲ.’

‘ಗೊತ್ತದ,’ ಎಂದ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ‘ರಿಟೈರ್ ಆದ ಮ್ಯಾಲ ಮಗಳು ಫೋನ್ ಕೊಡಿಸಿದಳಲ್ಲ, ನಕ್ಷಾದಾಗ ಮೊದಲ ಅದೇ ಹುಡುಕಿದೆ. ಎಲ್ಲೂ ಇಲ್ಲ. ಆಗ ತಿಳೀತು, ನೀ ಖರೇ ಹೆಸರೇ ಬರದಿದ್ದಿ, ನಾನೇ ತಪ್ಪು ಓದೀನಿ. ನೋಟ್‌ಬುಕ್ ನೋಡಬೇಕಂದ್ರ ಗೆದ್ದಲ ತಿಂದಾದ. ಇಷ್ಟು ವರ್ಷ ತಪ್ಪ ಹಾಡಿದ್ರೂ ನನಗ ಬ್ಯಾಸರ ಆಗಬಾರದಂತ ನೀ ಸುಮ್ಮ ಇದ್ದಿ. ಈಗ ನಾಕು ಮಂದಿ ಕೇಳ್ತಾರ. ಇಂಗ್ಲಿಷ್ ಮಾಸ್ತರ ಜೋಡಿ ಇದ್ದೂ ಹಿಂಗ ಹಾಡ್ಯಾರ ಅಂದ್ರ ನಿನ್ನ ಹೆಸರು ಕೆಡ್ತಾದ. ಅದಕ್ಕ ಅಲ್ಲಿ ನುಂಗ್ಲಕತ್ತಿದ್ದೆ.’

‘ನೀ ಸರಿಯಾಗೇ ಓದೀದಿ ಅಣ್ಣಾ. ನಾನೇ ಕಟ್ಟಿ ಬರದೀನಿ. ಕ್ಯಾಸೆಟ್‌ನ್ಯಾಗ ಕೇಳಿಸಲಿಲ್ಲ.’

‘ಹತ್ತಿ ಹೊಲ?’

‘ಅದೂ ನಾನೇ. ಹೊಳಿನೂ ನಾನೇ.’

‘ಹೊಳಿ ನಿಂದಲ್ಲ,’ ಎಂದ ಖಡಾಖಂಡಿತವಾಗಿ. ‘ಹೊಳಿ ನಾ ಹಾಕೀನಿ. ನೀ ಬರೇ ಹೊಲ ಅಂದಿದ್ದಿ. ನೀರಿಲ್ಲದ ಊರಿಗೆ ಅಕಿ ಯಾಕ ಹೋಗ್ತಾಳ?’

ಆಮೇಲೆ ನಕ್ಕ. ಮೊದಲು ಸದ್ದಿಲ್ಲದೆ, ಹೆಗಲು ಕುಲುಕಿಸಿ. ಕೊನೆಗೆ ಕೆಮ್ಮು ಬಂದು ಬೆನ್ನು ತಟ್ಟಬೇಕಾಯಿತು. ನಾನೂ ನಗುತ್ತಿದ್ದೆ. ಹೊಳೆ ಯಾರದು ಎಂದು ಆ ರಾತ್ರಿ ಮನೆಗೆ ಹೋಗಿ ಹಳೆಯ ಡೈರಿ ತೆಗೆದೆ. ‘ದೇವಿದಾಸಣ್ಣನಿಗೆ ಹಾಡು ಬರೆದುಕೊಟ್ಟೆ’ ಎಂದಷ್ಟೇ ಇದೆ. ಈಗ ನಾನು ಅವನ ಮಾತನ್ನೇ ಒಪ್ಪಿಕೊಂಡಿದ್ದೇನೆ.

ಅಲ್ಲೇ ಮರದ ಕೆಳಗೆ, ನಿಜವಾದ ಹೆಸರು ಹಾಕಿ ಹಾಡುತ್ತೀಯಾ, ಮೇಘಾ ಹೇಳಿಕೊಡುತ್ತಾಳೆ ಎಂದು ಕೇಳಿದೆ. ಅವನು ಆ ಹೆಸರನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದ. ಬೇಡವೆಂದು ತಲೆಯಾಡಿಸಿದ. ‘ಮೂವತ್ತೈದು ವರ್ಷ ಅಲ್ಲಿ ಗಾಡಿ ನಿಲ್ಲಿಸೀವಿ ಮಾಸ್ತರ. ಈಗ ಸ್ಟಾಪ್ ತಗದ್ರ ಮಂದಿ ಎಲ್ಲಿ ಇಳೀಬೇಕು?’

ಮೇಘಾಗೆ ಇಬ್ಬರೂ ಸೇರಿ ಹೇಳಿದೆವು. ಅವಳು ನಮ್ಮಿಬ್ಬರನ್ನೂ ನೋಡಿ, ಸಾಹಿತ್ಯದ ಹಾಳೆಯಲ್ಲಿ ಟಾಲ್ವಿನ್ ಕೆಳಗೆ ತಾನು ಕೆಂಪು ಪೆನ್ನಿನಿಂದ ಹಾಕಿದ್ದ ಗೆರೆಯನ್ನು ಹೊಡೆದುಹಾಕಿದಳು. ಬಾಗಿಲು ಹಾಕಿಕೊಂಡೆವು. ಈ ಸಲ ಒಂದೇ ಸಲಕ್ಕೆ ಹಾಡು ಮುಗಿಯಿತು. ಆ ಊರಿನ ಹೆಸರನ್ನು ಅವನು ಹೇಗೆ ಕೂಗಿದನೆಂದರೆ ಖಾಜಾ ಒಂದು ಪೆಟ್ಟು ತಪ್ಪಿದ. ಅದೂ ಆಲ್ಬಮ್ಮಿನಲ್ಲಿದೆ. ಇಲ್ಲಿ ನಾನು ನೆನಪನ್ನು ನಂಬಬೇಕಾಗಿಲ್ಲ. ಯಾರು ಬೇಕಾದರೂ ಕೇಳಬಹುದು.

ಆದರೂ ನನ್ನ ಗುಣ ಬಿಡಲಿಲ್ಲ. ತಿಂಗಳುಗಟ್ಟಲೆ ಒಂದು ಅನುಮಾನ ಕಾಡಿತು. ತಾನೇ ತಪ್ಪು ಓದಿದ್ದೆ ಎಂದುಕೊಂಡು ಅವನು ನಿಜವಾಗಿಯೂ ಕೊರಗಿದ್ದನೇ? ಅಥವಾ ನನ್ನ ಮುಖ ನೋಡಿ, ನನ್ನ ಭಾರ ಇಳಿಸಲೆಂದು ಬೇವಿನ ಮರದ ಕೆಳಗೆ ಆ ಕ್ಷಣಕ್ಕೆ ಕಟ್ಟಿ ಹೇಳಿದನೇ? ಊರು ಕಟ್ಟುವುದು ನನಗೊಬ್ಬನಿಗೇ ಬರುತ್ತದೆಯೇ? ಅವನನ್ನೇ ಕೇಳೋಣವೆಂದರೆ ಧೈರ್ಯವಾಗಲಿಲ್ಲ. ಆಲ್ಬಮ್ ಬಂತು. ಚಳಿಗಾಲದಲ್ಲಿ ಒಂದು ಬೆಳಗ್ಗೆ ದೇವಿದಾಸಣ್ಣ ಸ್ನಾನ ಮುಗಿಸಿ ತಲೆ ಬಾಚಿಕೊಳ್ಳುತ್ತಿದ್ದವನು ಕುರ್ಚಿಯ ಮೇಲೆ ಕೂತ. ಮತ್ತೆ ಏಳಲಿಲ್ಲ.

ಅವರ ಬೌದ್ಧ ಪದ್ಧತಿಯ ಉತ್ತರಕ್ರಿಯೆ, ಪುಣ್ಯಾನುಮೋದನೆ, ಮುಗಿದ ಮರುವಾರ ಗಾಜಿಪುರಕ್ಕೆ ಹೋದೆ. ಅವನ ಹೆಂಡತಿ ನಿರ್ಮಲಕ್ಕ ಆಲ್ಬಮ್ ಹಚ್ಚಿಸಿಕೊಂಡು ಕೇಳಿದರು. ರೈಲಿನ ಹಾಡು ಬಂದಾಗ ಕೈ ಮಾಡಿ ನನ್ನನ್ನು ಸುಮ್ಮನಿರಿಸಿದರು. ಮುಗಿದ ಮೇಲೆ ಹೇಳಿದರು: ‘ಕಮಲಾಪುರಕ್ಕ ಹೋಗೋ ಮುಂಚೆ ಒಂದು ವಾರ ಸರಿಯಾಗಿ ಉಂಡಿರಲಿಲ್ರಿ. ಬಡಿಸಿದ ತಾಟು ಹಂಗೇ ಬಿಟ್ಟು ಏಳೋದು. ಈ ಹಾಡು ಹೇಳಿದ ದಿನ ಬಂದು ನಾಕು ರೊಟ್ಟಿ ಉಂಡ್ರು, ಮ್ಯಾಲ ಇನ್ನೊಂದು ಬೇಡಿದ್ರು. ಏನಾಗಿತ್ತಂತ ಕೇಳಿದ್ರ ಹೇಳಲಿಲ್ಲ. ನಿಮಗ ಗೊತ್ತೇನ್ರಿ?’

ಒಂದು ವಾರ. ಹಾಗಾದರೆ ಅವನು ಕೊರಗಿದ್ದು ನಿಜ. ಕ್ಯಾಸೆಟ್ಟಿನಿಂದ ಹಿಡಿದು ಎಲ್ಲವನ್ನೂ ಅವರಿಗೆ ಹೇಳಿದೆ. ನಾನೂ ಆ ವಾರ ಉಂಡಿರಲಿಲ್ಲ ಎಂದೆ. ಪೂರ್ತಿ ಕೇಳಿ, ನನ್ನನ್ನೇ ನೋಡುತ್ತಾ ಅವರು ಕೇಳಿದರು:

‘ಇಷ್ಟಕ್ಕ ಇಬ್ಬರೂ ಉಪಾಸ ಇದ್ರೇನ್ರಿ?’