ಹೊಸತಿನ ದಿನ ಅನ್ನ ಮುಟ್ಟದವಳು

ಫೋನಿನಲ್ಲಿ ನಾನು ಅಮ್ಮನಿಗೆ ಹೇಳಿದ್ದು ಇಷ್ಟೇ: ಇನ್ನು ಮೇಲೆ ನಾನು ಅನ್ನ ಉಣ್ಣುವುದಿಲ್ಲ, ರೊಟ್ಟಿ, ತರಕಾರಿ, ಹಣ್ಣು ಯಾವುದೂ ಇಲ್ಲ, ಕೋಳಿ, ಕುರಿ, ಮೀನು, ಮೊಟ್ಟೆ ಬಿಟ್ಟು ಬೇರೇನೂ ಬೇಡ. "ಎಂತ ಆಯ್ತೆ ನಿಂಗೆ?" ಎಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಿದ್ದಳು.

ಹೆದರಲು ಕಾರಣವಿತ್ತು. ಅಪ್ಪ ತೀರಿಕೊಳ್ಳುವ ಮೊದಲು ಅನ್ನ ಬಿಟ್ಟಿದ್ದ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದ. ಅಮ್ಮ ಗಂಜಿ ಮಾಡಿ, ತಿಳಿಸಾರು ಕಲಸಿ, ಕೂಸಿಗೆ ಉಣಿಸಿದ ಹಾಗೆ ಉಣಿಸಲು ನೋಡಿದಳು. ಸಿದ್ದಾಪುರದ ಆಚೆ, ಗದ್ದೆ ಮಾಡಿಕೊಂಡಿರುವ ನಮ್ಮ ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಮೊದಲು ಕೇಳುವುದೇ "ಅನ್ನ ಉಣ್ತ್ರಾ?" ಎಂದು. ಉಣ್ಣುತ್ತಾರೆ ಎಂದರೆ ಕೇಳಿದವರಿಗೆ ನಿರಾಳ. ಇಲ್ಲ ಎಂದರೆ ಅವರು ಅಲ್ಲಿಗೇ ಮಾತು ನಿಲ್ಲಿಸಿ ಬೇರೆ ಕಡೆ ನೋಡುತ್ತಾರೆ.

ನನ್ನ ಸಂಕಟ ಬೇರೆಯದು. ಗಂಡನ ಜತೆ ಕಿರವತ್ತಿಯಲ್ಲಿ ಹೆದ್ದಾರಿ ಬದಿಗೆ ಧಾಬಾ ನಡೆಸುವವಳು ನಾನು. ತೂಕ ಇಳಿಸಿಕೊಳ್ಳಲು ಇದಕ್ಕಿಂತ ಕೆಟ್ಟ ಜಾಗವನ್ನು ದೇವರೂ ಹುಡುಕಿ ಕೊಡಲಾರ. ಜೀರಿಗೆ ನೀರು ಕುಡಿದೆ, ಸಿರಿಧಾನ್ಯದ ಗಂಜಿ ಕುಡಿದೆ, ಶಿರಸಿಯಲ್ಲಿ ಯಾರೋ ಮಾರುತ್ತಿದ್ದ ಪುಡಿಯನ್ನು ಹಾಲಿಗೆ ಕಲಸಿ ಕುಡಿದೆ. ಪ್ರತಿ ಸಲವೂ ಇಳಿದೆ, ಪ್ರತಿ ಸಲವೂ ಇಳಿದದ್ದಕ್ಕಿಂತ ಹೆಚ್ಚು ಏರಿದೆ. ಯಲ್ಲಾಪುರದಲ್ಲಿ ನನ್ನ ರವಿಕೆ ಹೊಲಿಯುವವಳು ಕೇಳದೆಯೇ ಒಳಗೆ ಜಾಸ್ತಿ ಬಟ್ಟೆ ಬಿಡುತ್ತಿದ್ದಳು. "ಇರ್ಲಿ ಬಿಡ್ರಿ ಅಕ್ಕಾ, ಮುಂದೆ ಬೇಕಾಗ್ತದ" ಎನ್ನುತ್ತಿದ್ದಳು. ಅವಳ ಮೇಲೆ ಸಿಟ್ಟು ಬರುತ್ತಿತ್ತು. ಅವಳು ಹೇಳಿದ ಹಾಗೇ ಆಗುತ್ತಿತ್ತಲ್ಲ, ಅದಕ್ಕೆ ಇನ್ನೂ ಹೆಚ್ಚು ಸಿಟ್ಟು.

ಪಥ್ಯ ಮುರಿಯುತ್ತಿದ್ದದ್ದು ಯಾವಾಗಲೂ ಅನ್ನದಿಂದಲೇ. ಒಂದು ತುತ್ತು ಎಂದು ಶುರು ಮಾಡಿದರೆ ಪಾತ್ರೆಯ ತಳ ಕಾಣುವವರೆಗೆ ಕೈ ನಿಲ್ಲುತ್ತಿರಲಿಲ್ಲ. ಉಂಡ ಮೇಲೆ ನನ್ನ ಮೇಲೆ ನನಗೇ ಹೇಸಿಗೆ. ಯಾರಿಗೆ ಹೇಳಿಕೊಳ್ಳಲಿ? ಊಟ ಸಿಗಲಿಲ್ಲ ಎಂದು ಅಳುವವಳನ್ನು ಕರೆದು ಬಡಿಸುತ್ತಾರೆ, ಊಟ ಜಾಸ್ತಿಯಾಯಿತು ಎಂದು ಅಳುವವಳನ್ನು ನೋಡಿ ನಗುತ್ತಾರೆ. ಕೊನೆಗೆ ಬರೀ ಮಾಂಸದ ಪಥ್ಯ ಶುರು ಮಾಡಿದ ಮೇಲೆ ಮೊದಲ ಬಾರಿಗೆ ಇನ್ನೂ ಬೇಕು ಎನ್ನುವ ಹೊಟ್ಟೆಯ ಕೂಗು ಅಡಗಿತು. ಡಾಕ್ಟರು ಒಪ್ಪಲಿಲ್ಲ, ರಕ್ತ ಪರೀಕ್ಷೆ ಮಾತ್ರ ತಪ್ಪಿಸಬೇಡಿ ಎಂದು ಗದರಿ ಕಳಿಸಿದರು. "ಧಾಬಾದ ಲಾಭ ಎಲ್ಲಾ ನಿನ್ನ ಹೊಟ್ಟೆಗೇ ಹೋಯ್ತು" ಎಂದು ಗಂಡ ನಕ್ಕ. ನನಗೆ ನಗು ಬರಲಿಲ್ಲ. ಇನ್ನೊಂದು ತುತ್ತು ಅನ್ನ ಉಂಡರೆ ನಾನು ಮತ್ತೆ ಮೊದಲಿನವಳೇ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು, ತವರಿನಲ್ಲಿ ಹೊಸತು. ಗದ್ದೆಯಿಂದ ಹೊಸ ಕದಿರು ತಂದು ಕಂಬಕ್ಕೆ ಕಟ್ಟಿ, ಹೊಸ ಅಕ್ಕಿಯ ನಾಲ್ಕು ಕಾಳು ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ. ಉಣ್ಣುವ ಮೊದಲು ಕಿರಿಯರು ಒಬ್ಬೊಬ್ಬರಾಗಿ ಹಿರಿಯರನ್ನು "ಹೊಸತು ಉಣ್ಲಾ?" ಎಂದು ಕೇಳಬೇಕು. ಅವರು "ಉಣ್ಣು" ಎಂದ ಮೇಲೆಯೇ ತುತ್ತು ಬಾಯಿಗೆ. ಮೊದಲೆಲ್ಲ ಆ ಮಾತು ಅಪ್ಪನದು. ಅವನು ತೀರಿಕೊಂಡ ವರ್ಷ ಹಬ್ಬ ಇರಲಿಲ್ಲ. ಈ ಸಲ ಮೊದಲ ಬಾರಿಗೆ ಅದನ್ನು ಅಮ್ಮ ಹೇಳಬೇಕಿತ್ತು. ಆ ದಿನ ನಮ್ಮ ಮನೆಯಲ್ಲಿ ಮೀನು ಮಾಂಸದ ಹೆಸರೆತ್ತುವ ಹಾಗಿಲ್ಲ. ಒಮ್ಮೆ ತಮ್ಮ ಮರೆತು ಮೊಟ್ಟೆ ತಂದಿಟ್ಟದ್ದಕ್ಕೆ ಅಮ್ಮ ಅಡಿಗೆಮನೆ ಇಡೀ ತೊಳೆಸಿದ್ದಳು. ಒಂದು ದಿನ ಉಪವಾಸ ಇದ್ದರಾಯಿತು ಎಂದುಕೊಂಡು ಬಸ್ಸು ಹತ್ತಿದೆ.

ಎಲೆ ಹಾಕಿದರು. ತಮ್ಮ ಕೇಳಿದ, ಅವನ ಹೆಂಡತಿ ಕೇಳಿದಳು, ಅಮ್ಮ ಇಬ್ಬರಿಗೂ "ಉಣ್ಣು" ಎಂದಳು. ಆಮೇಲೆ ನನ್ನ ಕಡೆ ನೋಡಿದಳು.

"ಅಮ್ಮಾ, ನಾ ಉಣ್ಣೂದಿಲ್ಲ. ಸಿಟ್ಟು ಮಾಡ್ಬೇಡ" ಎಂದೆ.

"ನಾಲ್ಕು ಕಾಳಿಗೆ ಎಂತ ಆಗ್ತದೆ ಮಾರಾಯ್ತಿ?" ಎಂದ ತಮ್ಮ. ಅವನದೇನೂ ತಪ್ಪಲ್ಲ. ನಾಲ್ಕು ಕಾಳಿಗೆ ಹೆದರುವ ದೊಡ್ಡ ಹೆಂಗಸು ನಾನು, ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ.

"ಒತ್ತಾಯ ಮಾಡ್ಬೇಡ ಅವ್ಳಿಗೆ" ಎಂದು ಅಮ್ಮ ತನ್ನ ಎಲೆಯ ಮುಂದಿನಿಂದ ಎದ್ದಳು. "ನೀ ಬಾ ಇಲ್ಲಿ."

ಹಿತ್ತಿಲ ಬಚ್ಚಲುಮನೆಗೆ ಕರೆದುಕೊಂಡು ಹೋದಳು. ನೀರು ಕಾಯಿಸುವ ಒಲೆಯ ಮೇಲೆ ಮುಚ್ಚಿದ ಪಾತ್ರೆಯೊಂದಿತ್ತು. ಮುಚ್ಚಳ ತೆಗೆದಳು. ಊರಕೋಳಿ. ಕಾಯಿಯಿಲ್ಲ, ಮಸಾಲೆಯಿಲ್ಲ, ಬರೀ ಉಪ್ಪು ಹಾಕಿ ಬೇಯಿಸಿದ್ದು. ನಾನು ಹೇಗೆ ತಿನ್ನುತ್ತೇನೆ ಎಂದು ನನ್ನ ಗಂಡನಿಗೆ ಫೋನು ಮಾಡಿ ಕೇಳಿಕೊಂಡಿದ್ದಳಂತೆ.

"ಅಮ್ಮಾ, ಹೊಸತಿನ ದಿನ!" ಎಂದೆ.

"ಅದು ನಂಗೆ ಗೊತ್ತಿಲ್ವೇನೆ? ದೇವ್ರ ಹತ್ರ ನಾ ಮಾತಾಡ್ತೆ. ನೀ ಕೂತ್ಕ."

ತಟ್ಟೆಗೆ ಅವಳೇ ಹಾಕಿದಳು. ಏನು ಹೇಳಬೇಕೋ ತಿಳಿಯದೆ, "ಉಣ್ಲಾ ಅಮ್ಮಾ?" ಎಂದು ಕೇಳಿದೆ. "ಉಣ್ಣು" ಎಂದಳು. ಒಳಗೆ ಅವಳ ಎಲೆಯಲ್ಲಿ ಪಾಯಸ ಹಾಗೇ ಇತ್ತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಾನು ತಿನ್ನುವುದನ್ನು ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು: "ನಿನ್ನಪ್ಪಂಗೆ ಬಾಯಿಗೆ ಎಂತ ಬೇಕು ಅಂತ ನಾ ಒಂದಿನಾನೂ ಕೇಳ್ಲಿಲ್ಲೆ. ಅನ್ನಾನೇ ತುರುಕ್ದೆ."

ನಾನು ಕೈ ನಿಲ್ಲಿಸಿದರೆ ಅವಳು ಹೆದರುತ್ತಾಳೆ ಎಂದು ತಿನ್ನುತ್ತಲೇ ಇದ್ದೆ.