ಗುಡ್ಡಕ್ಕೆ ಕಟ್ಟಿದ ದಾರ

ಗ್ಯಾರೇಜ್ ಸಾಹೇಬರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಜೀಪಿನ ಜ್ಯಾಕ್ ಜಾರಿ ಹೋದದ್ದು. ಆ ಬೋಳು ಬೆರಳನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, "ತಡೀರಿ, ನೆಲ ಏನೋ ಹೇಳ್ತಿದೆ" ಎನ್ನುತ್ತಿದ್ದರು. ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದವು. ನನಗೆ ನಗು.

ಘಾಟಿ ರಸ್ತೆಯಲ್ಲಿ ಬಣಕಲ್ ಊರು ದಾಟಿದ ಮೇಲೆ ಅವರ ಗ್ಯಾರೇಜು, ಅದರ ಹಿಂದೆ ನಮ್ಮ ಮನೆ, ಮನೆಯ ಬೆನ್ನಿಗೇ ಗುಡ್ಡ. ಆ ವರ್ಷ ಶಾಲೆಗೆ ಮಳೆರಜೆಯ ಮೇಲೆ ಮಳೆರಜೆ. ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಸಾಹೇಬರು ಹಿತ್ತಲಲ್ಲೇ ವಿಜ್ಞಾನ ಶುರುಮಾಡಿದರು. ಆಯಿಲ್ ಸುರಿಯುವ ಆಲಿಕೆಗೆ ಪೆಟ್ರೋಲ್ ಪೈಪು ಸಿಕ್ಕಿಸಿ, ಅದನ್ನು ಮಣ್ಣಿಗೆ ಕವುಚಿ ಕಿವಿಗೊಡುವುದು ಒಂದು ಪಾಠ. ಒಂದು ದಿನ ಚಿಕ್ಕವಳು ಪೈಪು ಬಿಸಾಡಿ ಓಡಿಬಂದಳು.

"ಅಪ್ಪಾ, ಒಳಗೆ ಯಾರೋ ಹಲ್ಲು ಕಡೀತಿದಾರೆ."

ಸಾಹೇಬರು ನಗಲಿಲ್ಲ. ಮರುದಿನವೇ ಗುಡ್ಡಕ್ಕೆ ಅಡ್ಡಲಾಗಿ ಎರಡು ಬಂಡೆಗಳ ನಡುವೆ ದಾರ ಬಿಗಿದು, ಅದರಡಿ ಹನ್ನೊಂದು ಗೂಟ ಹೊಡೆಸಿದರು. ದಾರದಿಂದ ಗೂಟ ಎಷ್ಟು ಸರಿದಿದೆಯೆಂದು ಮಕ್ಕಳು ದಿನಾ ಹತ್ತು ಗಂಟೆಗೆ ಸ್ಕೇಲಿಟ್ಟು ಬರೆಯಬೇಕು. ವಾರವಿಡೀ ಬರೆದದ್ದು ಸೊನ್ನೆ.

ಆಮೇಲೆ ಎರಡು ದಿನ ನಾನು ಜ್ವರ ಬಂದು ಮಲಗಿದೆ; ಜಡಿಮಳೆಗೆ ಮಕ್ಕಳೂ ಅಳೆಯಲು ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಹಿತ್ತಲಿಗೆ ಕರೆದರು. ನಡುವಿನ ಐದು ಗೂಟಗಳು ಗೇಣುದ್ದ ಕೆಳಗೆ ಬಂದು ನಿಂತಿದ್ದವು.

"ದನ ಕಣ್ರೀ," ಎಂದೆ. "ದಿನಾ ಇಷ್ಟಿಷ್ಟು ಸೊಟ್ಟ ಮಾಡ್ತಾವೆ. ನಾನೇ ದಿನಾ ಬೆಳಿಗ್ಗೆ ಸಾಲಿಗೆ ತಂದು ಡ್ಯೂಟಿಗೆ ಹೋಗ್ತಿದ್ದೆ."

ನಾನು ಎಸ್ಟೇಟ್ ರೈಟರ್. ಕಾಫಿ ಗಿಡ ನೆಡುವ ಮೊದಲು ಗೂಟ ಹೊಡೆಸಿ ಸಾಲು ನೋಡುವುದೇ ನನ್ನ ಕೆಲಸ. ಸೊಟ್ಟ ಗೂಟ ಕಂಡರೆ ಕೈ ಸುಮ್ಮನಿರುವುದಿಲ್ಲ.

ಸಾಹೇಬರ ಮುಖ ಬಿಳಿಚಿತು. "ದನದ ಹೆಜ್ಜೆ ತೋರ್ಸಿ ನೋಡಾಣ."

ಒಂದೂ ಇರಲಿಲ್ಲ. ಹುಲ್ಲಿನ ಒಂದು ಎಸಳೂ ಬಾಗಿರಲಿಲ್ಲ. ಮಳೆ ನಿಂತಿತ್ತು, ಕಪ್ಪೆಗಳೂ ಕೂಗುತ್ತಿರಲಿಲ್ಲ. ಯಾರೋ ಹಿಂದೆ ನಿಂತಂತಾಗಿ ನನ್ನ ಬೆನ್ನು ತಣ್ಣಗಾಯಿತು.

"ಗೂಟ ಅಲ್ಲ ಮಾರಾಯ್ರೇ, ಗುಡ್ಡವೇ ನಡೀತಿದೆ. ಮಕ್ಕಳನ್ನ ಎತ್ಕೊಳ್ಳಿ!" ಎಂದು ಸಾಹೇಬರು ಕೂಗಿದರು.

ಉಟ್ಟ ಬಟ್ಟೆಯಲ್ಲೇ ರಸ್ತೆ ದಾಟಿ ಎದುರಿನ ದಿಬ್ಬ ಹತ್ತಿದೆವು. ಮಧ್ಯಾಹ್ನ ಗುಡ್ಡ, ಮರಗಳೆಲ್ಲ ನಿಂತ ಹಾಗೇ ನಿಂತಿರುವಾಗ, ಮೆಲ್ಲಗೆ ಇಳಿದು ನಮ್ಮ ಅಡಿಗೆಮನೆಯೊಳಗೆ ಬಂತು.

ದೊಡ್ಡವಳು ಅಳುತ್ತಾ ಕೇಳಿದಳು: "ನಾವು ಅಳೆದಿದ್ದು ತಪ್ಪಾ ಸಾಹೇಬ್ರೇ?"

ನಾನು ಬಾಯಿ ತೆರೆದೆ. ಸಾಹೇಬರು ನನ್ನ ಭುಜ ಒತ್ತಿ ಹಿಡಿದರು. "ಇಲ್ಲ ಪುಟ್ಟಿ. ದಾರ ಸಡಿಲ ಕಟ್ಟಿದ್ದೆ. ತಪ್ಪು ನಂದು."

ನಾನು ಬಾಯಿ ಮುಚ್ಚಿಕೊಂಡೆ. ನಾನು ಗೂಟ ಸರಿಸಿದ್ದನ್ನು ಆಮೇಲೂ ಅವರು ಯಾರಿಗೂ ಹೇಳಲಿಲ್ಲ, ನನ್ನೆದುರೂ ಎತ್ತಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಕಳೆದ ವರ್ಷ ಸಾಹೇಬರು ತೀರಿಕೊಂಡರು. ಗ್ಯಾರೇಜಿನ ಮುಂದಿನಿಂದ ಅವರನ್ನು ಹೊತ್ತು ಹೊರಟಾಗ ದೊಡ್ಡವಳು ನನ್ನ ಕೈ ಹಿಡಿದು ನಿಂತಿದ್ದಳು. "ದಾರ ಸಡಿಲ ಕಟ್ಟಿದ್ರೂ ನಮ್ಮನ್ನ ಉಳಿಸಿದ್ರು ಅಲ್ವಾ ಅಪ್ಪ?"

"ದಾರ ಬಿಗಿಯಾಗೇ ಇತ್ತು ಮಗಾ," ಎಂದು ಎಲ್ಲವನ್ನೂ ಹೇಳಿದೆ.

ಅವಳು ನನ್ನ ಕೈ ಬಿಟ್ಟಳು.